ಸಾವಾದ ಮನೆಯಲ್ಲಿ ಸತ್ಯವೇದ ಅಧ್ಯಯನ: ಏನು ಓದಬೇಕು, ಹೇಗೆ ಓದಬೇಕು

ಮಣ್ಣು ಕೊಟ್ಟು ಬಂದ ಮೇಲೆ ಒಂದೆರಡು ವಾರ ಮನೆ ತುಂಬ ಜನ. ಸಂಜೆಯಾದರೆ ಸಭೆಯವರು ಪ್ರಾರ್ಥನೆಗೆ ಬರುತ್ತಾರೆ, ಅಡುಗೆಮನೆಯನ್ನು ನೆಂಟರು ನೋಡಿಕೊಳ್ಳುತ್ತಾರೆ. ನಲವತ್ತನೇ ದಿನದ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಂದುಹೋಗುವವರು ಕಡಿಮೆಯಾಗಿ ಮನೆಯವರಷ್ಟೇ ಉಳಿಯುತ್ತಾರೆ. ದುಃಖದ ಬಗ್ಗೆ ಸತ್ಯವೇದ ಅಧ್ಯಯನ ಶುರು ಮಾಡಲು ಅದೇ ಸರಿಯಾದ ಹೊತ್ತು. ಅದಕ್ಕೂ ಮುಂಚೆ ಕೂತು ಕೇಳಿಸಿಕೊಳ್ಳುವ ತ್ರಾಣ ಯಾರಿಗೂ ಇರುವುದಿಲ್ಲ. ಮೊದಲ ವಾರಗಳಲ್ಲಿ ಒಂದು ಚಿಕ್ಕ ಕೀರ್ತನೆ ಓದಿ, ಪ್ರಾರ್ಥಿಸಿ, ಕಾಲು ಗಂಟೆಯಲ್ಲಿ ಎದ್ದು ಬನ್ನಿ. ಪ್ರಸಂಗ ಬೇಡ.

ಇಂಥ ಅಧ್ಯಯನ ನಡೆಸಬೇಕಾದ ಸಭಾಪಾಲಕರು, ಹಿರಿಯರು, ಸ್ತ್ರೀಯರ ಸಂಘದವರು, ಮನೆ ಪ್ರಾರ್ಥನೆ ಮುನ್ನಡೆಸುವವರು, ಇಲ್ಲವೇ ಒಬ್ಬರೇ ಕೂತು ಓದಬೇಕೆಂದಿರುವವರು, ಇವರೆಲ್ಲರಿಗಾಗಿ ಎಂಟು ವಾರಗಳ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಡೀ ಕ್ರಮ ನಿಂತಿರುವುದು ಒಂದು ನಂಬಿಕೆಯ ಮೇಲೆ. ನೊಂದವರ ನೋವಿಗೆ ಅರ್ಥ ಹೇಳುವ ಅಧಿಕಾರ ನಡೆಸುವವರಿಗಿಲ್ಲ. ವಾಕ್ಯಭಾಗವನ್ನು ಅದರ ಕಹಿ ಸಾಲುಗಳ ಸಮೇತ ಪೂರ್ತಿಯಾಗಿ ಅವರ ಕೈಗೆ ಕೊಡುವುದಷ್ಟೇ ನಮ್ಮ ಪಾಲಿನ ಕೆಲಸ. ಅರ್ಥ ಮೂಡುವುದಾದರೆ ಓದುವವರ ಒಳಗೆ, ಅವರಿಗೆ ಬೇಕಾದಷ್ಟು ಸಮಯ ತೆಗೆದುಕೊಂಡು ಮೂಡುತ್ತದೆ. ಹೊರಗಿನವರು ಮುಂಚೆಯೇ ತಂದಿಟ್ಟ ಅರ್ಥ ಬಹಳ ಸಲ ಇನ್ನೊಂದು ಗಾಯವಾಗುತ್ತದೆ.

ಕೂರುವ ಮೊದಲು

ನಾಲ್ಕರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಮಾತಾಡುವವರೇ ಮಾತಾಡುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ವಾರಕ್ಕೊಂದು ಸಲ, ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ. ನಡೆಸಲು ಇಬ್ಬರಿರಬೇಕು. ಒಬ್ಬರು ಓದು ಮತ್ತು ಪ್ರಶ್ನೆಗಳನ್ನು ನೋಡಿಕೊಂಡರೆ ಇನ್ನೊಬ್ಬರು ಜನರ ಮುಖ ನೋಡುತ್ತಿರಬೇಕು. ಯಾರಾದರೂ ತಡೆಯಲಾರದೆ ಎದ್ದು ಹೊರಗೆ ಹೋದರೆ ಆ ಎರಡನೆಯವರು ಹಿಂದೆ ಹೋಗುತ್ತಾರೆ, ಓದು ನಿಲ್ಲುವುದಿಲ್ಲ. ವಿಧವೆಯರು ಇದ್ದಲ್ಲಿ ಇಬ್ಬರಲ್ಲಿ ಒಬ್ಬರು ಹೆಂಗಸೇ ಆಗಿರಲಿ.

ಕುರ್ಚಿಗಳನ್ನು ಸಾಲಾಗಿ ಹಾಕಬೇಡಿ, ಸುತ್ತಲೂ ಹಾಕಿ. ಕುಡಿಯುವ ನೀರು ಕೈಗೆ ಸಿಗುವಂತಿರಲಿ. ಟೀ, ಬಿಸ್ಕತ್ತು ಕೊನೆಯಲ್ಲಿ. ನಡುವೆ ಲೋಟದ ಸದ್ದು ಬಂದರೆ ಮೌನ ಒಡೆದುಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಟೀ ಹೊತ್ತಿನಲ್ಲಿ ಅರ್ಧ ಗಂಟೆ ಉಳಿದುಕೊಳ್ಳಿ. ಅಧ್ಯಯನದಲ್ಲಿ ಬಾಯಿಬಿಡದವರು ಮಾತಾಡುವುದು ಆಗಲೇ.

ವಾಕ್ಯಭಾಗವನ್ನು ಎ4 ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಮುದ್ರಿಸಿ ತಲೆಗೊಂದು ಕೊಡಿ, ಜೊತೆಗೊಂದು ಪೆನ್ಸಿಲ್. ಸತ್ಯವೇದದ ಪುಟದ ಮೇಲೆ ಗೆರೆ ಎಳೆಯಲು ನಮ್ಮ ಹಿರಿಯರು ಹಿಂಜರಿಯುತ್ತಾರೆ, ಹಾಳೆಯ ಮೇಲಾದರೆ ಆ ಅಳುಕಿಲ್ಲ. ಹಳೆಯ ಭಾಷಾಂತರ ಒಂದು, ಈಗಿನ ಆಡುಮಾತಿಗೆ ಹತ್ತಿರವಾದ ಭಾಷಾಂತರ ಇನ್ನೊಂದು, ಎರಡನ್ನೂ ಜೊತೆಗಿಡಿ. ಕನ್ನಡ ಆರಾಧನೆಗೆ ಬರುವ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ತುಳು, ತಮಿಳು ಅಥವಾ ತೆಲುಗು. ಅಂಥವರು ಮನೆಮಾತಿನ ಸತ್ಯವೇದ ತರಲಿ, ಮನೆಮಾತಿನಲ್ಲೇ ಪ್ರಾರ್ಥಿಸಲಿ. ಅಳು ಬರುವುದು ಆ ಭಾಷೆಯಲ್ಲಿ.

ಓದುವ ಕ್ರಮ ಎಂಟೂ ವಾರ ಒಂದೇ. ಒಬ್ಬರು ಗಟ್ಟಿಯಾಗಿ, ನಿಧಾನವಾಗಿ ಓದುತ್ತಾರೆ. ಆಮೇಲೆ ಹತ್ತು ನಿಮಿಷ ಎಲ್ಲರೂ ಪೆನ್ಸಿಲ್ ಹಿಡಿದು ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ: ದೂರು ಇರುವ ಸಾಲಿಗೆ ಅಡಿಗೆರೆ, ಬೇಡಿಕೆಗೆ ಸುತ್ತುಗೆರೆ, ಭರವಸೆಯ ಮಾತಿಗೆ ಅಂಚಿನಲ್ಲಿ ಒಂದು ಚುಕ್ಕೆ. ಮೂರನೇ ಓದು ಬೇರೊಬ್ಬರ ದನಿಯಲ್ಲಿ. ಆಮೇಲೆ ಎರಡು ನಿಮಿಷ ಮೌನ. ಈ ಎರಡು ನಿಮಿಷ ತುಂಬ ಉದ್ದ ಅನಿಸುತ್ತದೆ, ಗಡಿಯಾರ ನೋಡಿಕೊಂಡೇ ಕಾಯಿರಿ. ನಂತರ ಮೂರು ಪ್ರಶ್ನೆ: ಇಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ? ಅವರು ಏನು ಕೇಳುತ್ತಿದ್ದಾರೆ? ಇದರಲ್ಲಿ ನಿಮ್ಮ ಬಾಯಲ್ಲಿ ಬರುವ ಸಾಲು ಯಾವುದು, ಇವತ್ತು ಬರಲಾರದ ಸಾಲು ಯಾವುದು? ಮೂರನೆಯದರ ಎರಡನೇ ಭಾಗವನ್ನು ಎಂದೂ ಬಿಡಬೇಡಿ. "ಈ ಸಾಲನ್ನು ನಾನು ಹೇಳಲಾರೆ" ಎನ್ನುವ ಅನುಮತಿ ಸಿಕ್ಕಿದಾಗಲೇ ಜನ ನಿಜ ಮಾತಾಡುತ್ತಾರೆ. "ಇದರಿಂದ ನಾವು ಕಲಿಯುವ ಪಾಠವೇನು" ಎಂಬ ನಮ್ಮ ರೂಢಿಯ ಪ್ರಶ್ನೆ ಈ ಎಂಟು ವಾರ ಬೇಡ.

ಮೊದಲೆರಡು ವಾರ: ಕೀರ್ತನೆ 13, ಕೀರ್ತನೆ 88

ದುಃಖ ಎಂದ ಕೂಡಲೇ ಕೀರ್ತನೆ 23ಕ್ಕೆ ಕೈ ಹೋಗುತ್ತದೆ. ಅದು ಎಲ್ಲರಿಗೂ ಬಾಯಿಪಾಠ, ಆದ್ದರಿಂದಲೇ ಅಧ್ಯಯನದ ಆರಂಭಕ್ಕೆ ಅದು ಹೊಂದುವುದಿಲ್ಲ. ಬಾಯಿ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತದೆ, ಮನಸ್ಸು ಎಲ್ಲೋ ಇರುತ್ತದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರಲಾಪದವು. ನಮ್ಮ ಆರಾಧನೆಗಳಲ್ಲಿ ಅವು ಅಪರೂಪಕ್ಕೆ ಕೇಳಿಬರುತ್ತವೆ, ಹಾಗಾಗಿ ಎಷ್ಟೋ ವಿಶ್ವಾಸಿಗಳು ಅವನ್ನು ಮೊದಲ ಸಲ ಗಮನವಿಟ್ಟು ಓದುವುದೇ ಇಲ್ಲಿ.

ಕೀರ್ತನೆ 13ರಲ್ಲಿ ಆರೇ ವಚನ. ಮೊದಲೆರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ಎರಡು ದೇವರ ಬಗ್ಗೆ, ಒಂದು ತನ್ನದೇ ಮನಸ್ಸಿನ ಬಗ್ಗೆ, ಒಂದು ವೈರಿಯ ಬಗ್ಗೆ. ಮುಂದಿನ ಎರಡರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಭರವಸೆ, ಹಾಡು. ನಾಲ್ಕನೇ ವಚನಕ್ಕೂ ಐದನೆಯದಕ್ಕೂ ನಡುವೆ ಏನಾಯಿತು ಎಂದು ಕೀರ್ತನೆ ಹೇಳುವುದಿಲ್ಲ. ಒಂದು ಗಂಟೆ ಕಳೆಯಿತೋ ಒಂದು ವರ್ಷವೋ ಗೊತ್ತಾಗುವುದಿಲ್ಲ. ನಡೆಸುವವರು ಎಡವುವುದು ಇಲ್ಲೇ. ಮೊದಲ ನಾಲ್ಕು ವಚನಗಳನ್ನು ಎರಡು ನಿಮಿಷದಲ್ಲಿ ದಾಟಿ, ಉಳಿದ ಹೊತ್ತೆಲ್ಲ ಐದು-ಆರರ ಮೇಲೆ ಮಾತಾಡುತ್ತಾರೆ. ತಿರುಗಿಸಿ ಮಾಡಿ. ಮೂರನೇ ಓದಿನಲ್ಲಿ ನಾಲ್ಕರ ಕೊನೆಗೆ ನಿಲ್ಲಿಸಿ ಮೌನಕ್ಕೆ ಬಿಡಿ, ಐದು-ಆರನ್ನು ಮೌನದ ನಂತರ ಓದಿ. ಆ ಖಾಲಿ ಜಾಗದಲ್ಲಿ ತಾವಿದ್ದೇವೆ ಎಂದು ಜನ ತಾವಾಗಿಯೇ ಕಂಡುಕೊಳ್ಳುತ್ತಾರೆ.

ಎರಡನೇ ವಾರದ ಕೀರ್ತನೆ 88 ಕಠಿಣ. 18 ವಚನಗಳಲ್ಲಿ ಬೆಳಕಿನ ಮಾತು ಒಂದೇ, ಅದೂ ಮೊದಲ ವಚನದಲ್ಲಿ ದೇವರನ್ನು ತನ್ನ ರಕ್ಷಕನೆಂದು ಕರೆಯುವುದು. ಅಲ್ಲಿಂದ ಮುಂದೆ ಪಾತಾಳ, ಕತ್ತಲೆ, ಅಲೆಗಳು, ದೂರವಾದ ಗೆಳೆಯರು. ಕೊನೆಯ ವಚನವೂ ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೆ ಪೆನ್ಸಿಲ್ ಹಿಡಿದು ನೋಡಿದರೆ 1, 9, 13ನೇ ವಚನಗಳಲ್ಲಿ ಕೀರ್ತನೆಕಾರ ಮೂರು ಸಲ ಮೊರೆಯಿಟ್ಟಿರುವುದು ಸಿಗುತ್ತದೆ: ರಾತ್ರಿ ಹಗಲು, ಪ್ರತಿದಿನ, ಬೆಳಗಾಗುತ್ತಲೇ. ದೇವರ ಮೇಲೆ ಇಷ್ಟು ದೂರು ಹೇಳುವವನು ದೇವರೊಡನೆ ಮಾತು ಬಿಟ್ಟಿಲ್ಲ. ಕ್ಯಾಥೊಲಿಕ್ ಸಭೆಯ ದಿನದ ಪ್ರಾರ್ಥನಾ ಕ್ರಮದಲ್ಲಿ ಶುಕ್ರವಾರ ರಾತ್ರಿ ಮಲಗುವ ಮುಂಚೆ ಹೇಳುವುದು ಇದನ್ನೇ. ಆಂಗ್ಲಿಕನ್ ಸಭೆಯ ಹಳೆಯ ಪ್ರಾರ್ಥನಾ ಪುಸ್ತಕ ಶುಭ ಶುಕ್ರವಾರದ ಸಂಜೆಗೆ ಇದನ್ನು ನಿಗದಿ ಮಾಡಿದೆ. ಇಂಥ ಪ್ರಾರ್ಥನೆ ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ಈ ಎರಡು ಸಂಗತಿ ಹೇಳಿ. ಈ ವಾರ ಮುಗಿಸುವಾಗ ಸಾಂತ್ವನದ ಇನ್ನೊಂದು ವಚನ ಅಂಟಿಸುವ ಆಸೆಯಾಗುತ್ತದೆ. ಅಂಟಿಸಬೇಡಿ. ಕರ್ತನ ಪ್ರಾರ್ಥನೆ ಹೇಳಿ ಏಳಿ.

ನಮ್ಮ ಹಳ್ಳಿಗಳಲ್ಲಿ, ವಿಶೇಷವಾಗಿ ಉತ್ತರ ಕರ್ನಾಟಕದ ಕಡೆ, ಹೆಂಗಸರು ಸತ್ತವರ ಗುಣ, ಮಾತು, ದುಡಿಮೆಯನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಸಭೆಗೆ ಸೇರಿದ ಮೇಲೆ "ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿ" ಎಂದು ಎಷ್ಟೋ ಕಡೆ ಅದನ್ನು ಬಾಯಿಮುಚ್ಚಿಸಿದ್ದಾರೆ. 1 ಥೆಸಲೋನಿಕ 4:13 ದುಃಖಿಸುವ ರೀತಿಯ ಬಗ್ಗೆ ಹೇಳುತ್ತದೆ, ದುಃಖವನ್ನೇ ನಿಷೇಧಿಸುವುದಿಲ್ಲ. ಯೆರೆಮೀಯ 9:17-20ರಲ್ಲಂತೂ ಗೋಳಾಡುವುದನ್ನು ಬಲ್ಲ ಹೆಂಗಸರನ್ನು ಕರೆಸಿರಿ, ನಿಮ್ಮ ಹೆಣ್ಣುಮಕ್ಕಳಿಗೂ ಅದನ್ನು ಕಲಿಸಿರಿ ಎಂಬ ಆಜ್ಞೆಯೇ ಇದೆ. ಗುಂಪಿನಲ್ಲಿ ಹಾಗೆ ಅಳಬಲ್ಲ ಅಜ್ಜಿಯೋ ಅತ್ತೆಯೋ ಇದ್ದರೆ ಕೀರ್ತನೆ 88ನ್ನು ಅವರಿಂದ ಓದಿಸಿ.

ಮೂರು ವಾರ ಯೋಬ

ಯೋಬನ ಪುಸ್ತಕದಲ್ಲಿ 42 ಅಧ್ಯಾಯ. ನಾವು ಪ್ರಸಂಗಗಳಲ್ಲಿ ಕೇಳುವುದು 1, 2 ಮತ್ತು 42. ಎಲ್ಲವನ್ನೂ ಕಳೆದುಕೊಂಡ, ಯೆಹೋವನೇ ಕೊಟ್ಟನು ಯೆಹೋವನೇ ತೆಗೆದುಕೊಂಡನು ಎಂದ, ಎಲ್ಲವೂ ಎರಡರಷ್ಟು ಸಿಕ್ಕಿತು. ನಡುವಿನ 39 ಅಧ್ಯಾಯ ಮಾಯ. ಅದೇ ಯೋಬ 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಯೆಹೋವನೇ ಕೊಟ್ಟನು ಎಂಬ ಆ 1:21ನ್ನು ಸಮಾಧಿ ಕಲ್ಲಿನ ಮೇಲೆ ಕೆತ್ತಿಸಿದ ಮನೆಯವರು 3ನೇ ಅಧ್ಯಾಯದ ಮನಸ್ಥಿತಿಗೆ ಬಂದಾಗ ತಾವು ಬಿದ್ದುಹೋದೆವು ಎಂದುಕೊಳ್ಳುತ್ತಾರೆ. ಆದ್ದರಿಂದ ಮೊದಲ ವಾರ 1ರಿಂದ 3ರವರೆಗೆ ಒಂದೇ ಓಟದಲ್ಲಿ ಓದಿಸಬೇಕು.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ಪ್ರತಿ ಅಧ್ಯಾಯದ ತಲೆಯ ಮೇಲೆ ಮಾತಾಡುವವನ ಹೆಸರು ಬರೆದುಕೊಳ್ಳಿ. ಯೋಬನನ್ನು ಸಂತೈಸಲು ಬಂದ ಮೂವರು ಗೆಳೆಯರು ಮೊದಲು: 4-5 ಎಲೀಫಜ, 8 ಬಿಲ್ದದ, 11 ಚೋಫರ. ಎರಡನೇ ಸುತ್ತಿನಲ್ಲಿ 15 ಎಲೀಫಜ, 18 ಬಿಲ್ದದ, 20 ಚೋಫರ. ಮೂರನೇ ಸುತ್ತಿನಲ್ಲಿ 22 ಎಲೀಫಜ, 25 ಬಿಲ್ದದ. ಬಿಲ್ದದನಿಗೆ ಆಗ ಆರೇ ವಚನ ಉಳಿದಿರುತ್ತದೆ, ಚೋಫರನಿಗೆ ಮಾತೇ ಇಲ್ಲ. 32ರಿಂದ 37ರವರೆಗೆ ಎಲೀಹು ಎಂಬ ಯುವಕ, 38ರಿಂದ 41ರವರೆಗೆ ದೇವರು. ಉಳಿದುದೆಲ್ಲ ಹೆಚ್ಚುಕಡಿಮೆ ಯೋಬನದೇ. ಹತ್ತು ನಿಮಿಷದ ಈ ಕೆಲಸ ಮಾಡದಿದ್ದರೆ ಯೋಬನ ಪುಸ್ತಕದಿಂದ ವಚನ ಎತ್ತಿ ಹೇಳುವುದು ಅಪಾಯ.

ಯಾಕೆಂದರೆ 42:7ರಲ್ಲಿ ದೇವರು ಎಲೀಫಜನಿಗೆ ಹೇಳುತ್ತಾನೆ: ನನ್ನ ದಾಸನಾದ ಯೋಬನ ಹಾಗೆ ನೀನೂ ನಿನ್ನ ಇಬ್ಬರು ಗೆಳೆಯರೂ ನನ್ನ ವಿಷಯದಲ್ಲಿ ಸರಿಯಾದುದನ್ನು ಆಡಲಿಲ್ಲ. ಈ ತೀರ್ಪು ಕೈಯಲ್ಲಿ ಹಿಡಿದು ಹಿಂದಕ್ಕೆ ಹೋಗಿ ನೋಡಿ. ನಿನ್ನ ಆರಂಭ ಚಿಕ್ಕದಾಗಿದ್ದರೂ ಕಡೆಗೆ ಬಹಳ ವೃದ್ಧಿಯಾಗುವಿ ಎಂಬ 8:7 ನಮ್ಮ ಕಡೆ ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ, ಅಂಗಡಿ ಉದ್ಘಾಟನೆಯಲ್ಲಿ ಕಾಣುವ ವಚನ. ಅದನ್ನು ಹೇಳಿದವನು ಬಿಲ್ದದ. ಮೂರೇ ವಚನ ಹಿಂದೆ, 8:4ರಲ್ಲಿ, ಅವನು ಹತ್ತು ಮಕ್ಕಳನ್ನು ಮಣ್ಣು ಮಾಡಿದ ತಂದೆಗೆ ನಿನ್ನ ಮಕ್ಕಳು ಪಾಪದ ಫಲ ಉಂಡರು ಎಂಬರ್ಥದ ಮಾತು ಹೇಳಿರುತ್ತಾನೆ. ದೇವರು ಶಿಕ್ಷಿಸುವ ಮನುಷ್ಯನು ಧನ್ಯನು ಎಂಬ 5:17 ಎಲೀಫಜನದು. ಮಾತು ತನ್ನಷ್ಟಕ್ಕೆ ಸುಳ್ಳಲ್ಲ, ಜ್ಞಾನೋಕ್ತಿಗಳು 3:11-12ರಲ್ಲೂ ಇಂಥ ಮಾತಿದೆ. ಬೂದಿಯಲ್ಲಿ ಕೂತವನ ಮುಂದೆ ಅದನ್ನು ತಂದದ್ದು ತಪ್ಪು. ಎರಡನೇ ವಾರ 4, 5, 6ನೇ ಅಧ್ಯಾಯ ಓದಿ, ಎಲೀಫಜನ ಮಾತಿನಲ್ಲಿ ನಿಮಗೆ ಯಾರಾದರೂ ಹೇಳಿದ್ದು ಯಾವುದು ಎಂದು ಕೇಳಿ. ಹಾಳೆಗಳು ಗೆರೆಗಳಿಂದ ತುಂಬುತ್ತವೆ. ಹೇಳಿದವರ ಹೆಸರು ಎತ್ತುವುದು ಬೇಡ ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಮುಂದಿನ ಭಾನುವಾರ ಸಭೆಯಲ್ಲಿ ಜಗಳ.

ಆ ಗೆಳೆಯರು ಸರಿಯಾಗಿ ಮಾಡಿದ ಒಂದು ಕೆಲಸ 2:13ರಲ್ಲಿದೆ. ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಮೂರನೇ ವಾರಕ್ಕೆ 38ನೇ ಅಧ್ಯಾಯ ಮತ್ತು 42. ಇಲ್ಲಿ ಗುಂಪಿಗೆ ಸಿಟ್ಟು ಬರಬಹುದು. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದಿ ಎಂದು ಕೇಳುವ ದೇವರು ಮಕ್ಕಳು ಸತ್ತದ್ದೇಕೆ ಎಂದು ಹೇಳುವುದೇ ಇಲ್ಲ. ಓದುಗರಾದ ನಮಗೆ ಗೊತ್ತಿರುವ 1-2ನೇ ಅಧ್ಯಾಯದ ಪರಲೋಕದ ಸಂಗತಿಯನ್ನು, ಅಂದರೆ ಯೋಬನನ್ನು ಪರೀಕ್ಷಿಸಲು ಸೈತಾನನಿಗೆ ಅನುಮತಿ ಸಿಕ್ಕಿದ್ದನ್ನು, ಯೋಬನಿಗೆ ಕೊನೆಯವರೆಗೂ ತಿಳಿಸುವುದಿಲ್ಲ. ಸಿಟ್ಟು ಬಂದರೆ ಬರಲಿ, ಸಮರ್ಥನೆಗೆ ಇಳಿಯಬೇಡಿ. ಎರಡು ಸಂಗತಿ ಮಾತ್ರ ಹಾಳೆಯ ಮೇಲೆ ತೋರಿಸಿ. ಯೋಬ ಬೇಡಿಕೊಂಡಿದ್ದು ದೇವರು ತನಗೆ ಮುಖ ಕೊಟ್ಟು ಮಾತಾಡಲಿ ಎಂದು, ಅದು ನಡೆಯಿತು. ಗೆಳೆಯರು ಹೇಳಿದಂತೆ ಇದು ಪಾಪದ ಫಲ ಎಂದು ಆ ನಾಲ್ಕು ಅಧ್ಯಾಯಗಳಲ್ಲಿ ದೇವರು ಎಲ್ಲೂ ಹೇಳಲಿಲ್ಲ.

42ರ ಲೆಕ್ಕವನ್ನು ಎಚ್ಚರದಿಂದ ಓದಿಸಿ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000, ಎತ್ತಿನ ಜೋಡಿ 500ರಿಂದ 1,000, ಹೆಣ್ಣುಕತ್ತೆ 500ರಿಂದ 1,000. ಮಕ್ಕಳು ಮೊದಲೂ ಏಳು ಗಂಡು ಮೂರು ಹೆಣ್ಣು, ಆಮೇಲೂ ಅಷ್ಟೇ. ಎರಡರಷ್ಟಾಗಲಿಲ್ಲ. ಮಗು ಕಳೆದುಕೊಂಡ ತಾಯಿಗೆ "ದೇವರು ಇನ್ನೊಂದು ಕೊಡ್ತಾನಮ್ಮ" ಎನ್ನುವವರು ಈ ಲೆಕ್ಕವನ್ನು ನೋಡಲಿ. ಮಕ್ಕಳು ಕುರಿಗಳ ಪಟ್ಟಿಗೆ ಸೇರುವುದಿಲ್ಲ ಎಂದು ಪುಸ್ತಕಕ್ಕೇ ಗೊತ್ತಿದೆ. 42:11ನ್ನು ದಾಟಿಹೋಗಬೇಡಿ: ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೇ ಪರಿಚಯದವರು ಬಂದು ಅವನ ಮನೆಯಲ್ಲಿ ಅವನ ಜೊತೆ ಊಟ ಮಾಡಿ ಸಂತೈಸಿದರು. ಆಸ್ತಿ ಹೆಚ್ಚಿದ ಮೇಲೂ ಅವನಿಗೆ ಸಂತೈಸುವವರು ಬೇಕಿತ್ತು.

ಪ್ರಲಾಪಗಳು

ಆರನೇ ವಾರ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಕೆಡವಿದ ಮೇಲಿನ ಐದು ಶೋಕಗೀತೆ. ಇಬ್ರಿಯ ಭಾಷೆಗೆ 22 ಅಕ್ಷರ, ಮೊದಲ ನಾಲ್ಕು ಗೀತೆಗಳು ಆ ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಐದನೆಯದರಲ್ಲಿ ವಚನ 22 ಇದ್ದರೂ ಅಕ್ಷರಕ್ರಮ ಇಲ್ಲ. ಗೋಡೆಗೆ ತೂಗುಹಾಕುವ ವಚನ 3:22-23, ಪ್ರತಿ ಬೆಳಿಗ್ಗೆ ಹೊಸದಾಗುವ ಕೃಪೆ. ಅದು ಪುಸ್ತಕದ ಹೆಚ್ಚುಕಡಿಮೆ ನಡುಭಾಗದಲ್ಲಿದೆ, ಕೊನೆಯಲ್ಲಿಲ್ಲ. ಅದಾದ ಮೇಲೂ 3:44ರಲ್ಲಿ ಪ್ರಾರ್ಥನೆ ದಾಟದಂತೆ ನೀನು ಮೋಡ ಕವಿಸಿಕೊಂಡಿದ್ದಿ ಎಂಬ ದೂರು ಬರುತ್ತದೆ. ಪುಸ್ತಕ ಮುಗಿಯುವುದು ನಮ್ಮನ್ನು ಪೂರಾ ತಳ್ಳಿಬಿಟ್ಟೆಯೋ ಎಂಬ ಅಳಲಿನಲ್ಲಿ. ದೇವಾಲಯ ನಾಶವಾದದ್ದನ್ನು ನೆನೆಯುವ ಉಪವಾಸದ ದಿನ ಯೆಹೂದ್ಯರು ಇದನ್ನು ಓದುವಾಗ ಆ ಕಹಿ ಸಾಲಿನಲ್ಲಿ ನಿಲ್ಲಲಾರದೆ ಅದರ ಹಿಂದಿನ ವಚನ 5:21ನ್ನು ಇನ್ನೊಮ್ಮೆ ಹೇಳುತ್ತಾರೆ. ಸಾಲನ್ನು ಅಳಿಸಲಿಲ್ಲ, ಓದದೆ ಬಿಡಲೂ ಇಲ್ಲ, ಅದರ ಮುಂದೆ ಒಂದು ಪ್ರಾರ್ಥನೆ ಇಟ್ಟರು. ನಿಮ್ಮ ಗುಂಪೂ ಹಾಗೆಯೇ ಓದಬಹುದು.

ಓದಿನ ನಂತರ ಬರೆಯುವ ಕೆಲಸ. ಕನ್ನಡ ಸ್ವರಗಳಲ್ಲಿ ಅ ದಿಂದ ಔ ವರೆಗೆ, ಋ ಬಿಟ್ಟರೆ 12 ಅಕ್ಷರ. ಹಾಳೆಯ ಎಡಬದಿಗೆ ಅವನ್ನು ಮೊದಲೇ ಬರೆದು ಕೊಡಿ, ಒಂದೊಂದು ಅಕ್ಷರದಿಂದ ಒಂದೊಂದು ಸಾಲು, ದೇವರಿಗೆ. ಪ್ರಾಸ ಬೇಡ, ಚೆಂದ ಬೇಡ. ಅರ್ಧ ಗಂಟೆ ಕೊಡಿ. "ಏನು ಬರೆಯಲಿ" ಎಂದು ಕೂತವರೂ ಅಕ್ಷರ ಕಣ್ಣ ಮುಂದಿದ್ದರೆ ಬರೆಯುತ್ತಾರೆ, ಯಾಕೆಂದರೆ ಎಲ್ಲಿಂದ ಶುರು ಎಂಬ ಭಾರವನ್ನು ಅಕ್ಷರ ಹೊತ್ತುಕೊಳ್ಳುತ್ತದೆ. ಕಷ್ಟವೆಂದರೆ ಐ ಮತ್ತು ಔ. ಬಹಳ ದಿನ ಆಸ್ಪತ್ರೆಯಲ್ಲಿ ಕಳೆದವರಿಗೆ ಮಾತ್ರ ಅವು ತಟ್ಟನೆ ಬರುತ್ತವೆ: ಐಸಿಯು, ಔಷಧ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಶಾಲೆಯ ಮಕ್ಕಳಿಗೂ ಇದು ಒಗ್ಗುತ್ತದೆ. ಬರೆಯಲು ಬಾರದ ಹಿರಿಯರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಓದಿ ಹೇಳಲೇಬೇಕೆಂದು ಬಲವಂತ ಬೇಡ, ಆ ಹಾಳೆಯ ಫೋಟೊ ಸಭೆಯ ವಾಟ್ಸಾಪ್ ಗುಂಪಿಗೆ ಹೋಗುವುದಂತೂ ಬೇಡವೇ ಬೇಡ.

ಯೋಹಾನ 11

ಏಳನೇ ವಾರ ಲಾಜರನ ಊರಾದ ಬೇಥಾನ್ಯಕ್ಕೆ. ಲಾಜರನಿಗೆ ಕಾಯಿಲೆ ಎಂದು ಸುದ್ದಿ ಬಂದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದ. ಬರುವ ಹೊತ್ತಿಗೆ ಸಮಾಧಿ ಮಾಡಿ ನಾಲ್ಕು ದಿನ. ಮಾರ್ಥ 21ನೇ ವಚನದಲ್ಲಿ ಹೇಳುವುದನ್ನೇ ಮರಿಯ 32ರಲ್ಲಿ ಹೇಳುತ್ತಾಳೆ: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾತು ಒಂದೇ, ಉತ್ತರ ಬೇರೆ. ಮಾರ್ಥಳ ಜೊತೆ ಪುನರುತ್ಥಾನದ ಮಾತುಕತೆ, ಮರಿಯಳ ಜೊತೆ ಕಣ್ಣೀರು. ಒಂದೇ ಮನೆಯಲ್ಲಿ ಒಬ್ಬರಿಗೆ ಪ್ರಶ್ನೆ ಬೇಕು, ಇನ್ನೊಬ್ಬರಿಗೆ ಅಳು ಬೇಕು. ಗಂಡಹೆಂಡಿರ ನಡುವೆ, ಅತ್ತೆಸೊಸೆಯರ ನಡುವೆ ಇದೇ ಕಾರಣಕ್ಕೆ "ನಿನಗೆ ದುಃಖವೇ ಇಲ್ಲ" ಎಂಬ ಮಾತು ಬಂದು ಮನಸ್ಸು ಮುರಿಯುತ್ತದೆ. ಹಾಳೆಯ ಮೇಲೆ ಇಬ್ಬರು ಅಕ್ಕತಂಗಿಯರ ಮಾತುಗಳನ್ನು ಬೇರೆ ಬೇರೆ ಗುರುತು ಮಾಡಿಸಿ.

ಇನ್ನು ಕೆಲವೇ ನಿಮಿಷಗಳಲ್ಲಿ ಲಾಜರನನ್ನು ಎಬ್ಬಿಸುವವನು, ಅದು ಗೊತ್ತಿದ್ದೂ, 35ನೇ ವಚನದಲ್ಲಿ ಅತ್ತ. ನನ್ನ ಮಟ್ಟಿಗೆ ಇಡೀ ಎಂಟು ವಾರಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಮುಂದಾಗುವ ಒಳಿತು ಗೊತ್ತಿರುವವನೂ ಈಗಿನ ಅಳುವನ್ನು ದಾಟಿಹೋಗಲಿಲ್ಲ.

ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ: "ಲಾಜರ ಎದ್ದ, ನಮ್ಮವರು ಯಾಕೆ ಏಳಲಿಲ್ಲ?" ತಯಾರಾಗಿ ಹೋಗಿ. ಉತ್ತರ ಗೊತ್ತಿದೆ ಎಂಬ ಹಾಗೆ ಮಾತಾಡಬೇಡಿ. 37ನೇ ವಚನದಲ್ಲಿ ಅಲ್ಲಿದ್ದ ಜನರೂ ಕುರುಡನ ಕಣ್ಣು ತೆರೆದವನು ಇವನನ್ನು ಉಳಿಸಲಾರದೆ ಹೋದನೇ ಎಂದು ಕೇಳಿದ್ದನ್ನು ತೋರಿಸಿ, ಆ ಪ್ರಶ್ನೆ ವಾಕ್ಯದೊಳಗೇ ಇದೆ. ಮುಂದಿನ ಅಧ್ಯಾಯದಲ್ಲಿ, 12:10ರಲ್ಲಿ, ಮಹಾಯಾಜಕರು ಲಾಜರನನ್ನೂ ಕೊಲ್ಲಲು ಆಲೋಚಿಸುತ್ತಾರೆ. ಎದ್ದು ಬಂದವನೂ ಮತ್ತೆ ಸಾಯಬೇಕಾದವನೇ. ಅವನು ಎದ್ದದ್ದು ಸಾವಿನ ಕೊನೆಯಲ್ಲ, ಯೇಸು ಯಾರೆಂಬುದರ ಸೂಚಕ ಎಂದು ಯೋಹಾನನೇ ಬರೆಯುತ್ತಾನೆ. ಇಷ್ಟಕ್ಕಿಂತ ಮುಂದೆ ಹೋಗಲು ನಮ್ಮ ಕೈಯಲ್ಲಿ ವಚನವಿಲ್ಲ.

ಎಂಟನೇ ವಾರ, ಮತ್ತು ತಪ್ಪಾಗಿ ಬಳಕೆಯಾಗುವ ವಚನಗಳು

ರೋಮಾಪುರದವರಿಗೆ 8:28ನ್ನು ಇಷ್ಟು ದಿನ ತಡೆಹಿಡಿದದ್ದು ಬೇಕೆಂದೇ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗಾಗಿ ಎಂಬುದನ್ನು ಮೊದಲ ವಾರ ಹೇಳಿದರೆ "ಇವರು ಸತ್ತದ್ದು ಒಳ್ಳೆಯದಾಯಿತು" ಎಂದು ಕೇಳಿಸುತ್ತದೆ. ಈಗ 18ರಿಂದ 39ರವರೆಗೆ ಒಟ್ಟಿಗೆ ಓದಿ. 22ರಲ್ಲಿ ಸೃಷ್ಟಿ ನರಳುತ್ತದೆ, 23ರಲ್ಲಿ ನಾವು, 26ರಲ್ಲಿ ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನು. ಆ ಮೂರು ನರಳಾಟ ದಾಟಿದ ಮೇಲೆ 28. ಒಳಿತೆಂದರೆ ಏನೆಂದು 29 ಹೇಳುತ್ತದೆ, ಮಗನ ಸಾರೂಪ್ಯಕ್ಕೆ ಬರುವುದು. 35ರಲ್ಲಿ ಹಸಿವೆ, ಕಷ್ಟ, ಕತ್ತಿ ಎಲ್ಲವೂ ಪಟ್ಟಿಯಲ್ಲಿವೆ, ಅವು ಬರುವುದಿಲ್ಲ ಎಂದು ಪೌಲ ಹೇಳಲಿಲ್ಲ.

"ಹೊರಲಾರದಷ್ಟು ಭಾರ ದೇವರು ಕೊಡೋದಿಲ್ಲ" ಎನ್ನುವವರು 1 ಕೊರಿಂಥ 10:13ನ್ನು ತೋರಿಸುತ್ತಾರೆ. ಅಲ್ಲಿ ಮಾತು ಶೋಧನೆಯದು, ವಿಗ್ರಹಾರಾಧನೆಯ ಸೆಳೆತದ ನಡುವೆ ಹೇಳಿದ್ದು. ಅದೇ ಪೌಲ 2 ಕೊರಿಂಥ 1:8ರಲ್ಲಿ, ಆಸ್ಯಸೀಮೆಯಲ್ಲಿ ಬಲಕ್ಕೆ ಮೀರಿದ ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟೆವು ಎಂದು ಬರೆಯುತ್ತಾನೆ. ಸಾವು ಪಾಪದ ಫಲ ಎಂಬ ಮಾತು ಬಂದರೆ ಯೋಹಾನ 9:3 ಮತ್ತು ಲೂಕ 13:4 ತೋರಿಸಿ, ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೋ ಎಂದು ಯೇಸು ಕೇಳಿದ್ದು.

ಎಳೆ ಮಗು ಹೋದ ಮನೆಯಲ್ಲಿ 2 ಸಮುವೇಲ 12:23 ಓದುವ ರೂಢಿಯಿದೆ, ನಾನು ಅದರ ಬಳಿ ಹೋಗುವೆನು ಎಂಬ ದಾವೀದನ ಮಾತು. ದಯವಿಟ್ಟು ಯೋಚಿಸಿ. ಅದೇ ಅಧ್ಯಾಯದಲ್ಲಿ ಆ ಮಗು ಸತ್ತದ್ದು ತಂದೆಯ ಪಾಪದ ಕಾರಣ ಎಂದಿದೆ. ಮನೆಗೆ ಹೋಗಿ ತಾಯಿ ಪೂರ್ತಿ ಅಧ್ಯಾಯ ಓದಿಕೊಳ್ಳುತ್ತಾಳೆ. ಮಾರ್ಕ 10:13-16 ಓದಿ, ಸಾಕು.

ಆತ್ಮಹತ್ಯೆಯಾದ ಮನೆಯಲ್ಲಿ ಸತ್ತವರ ರಕ್ಷಣೆಯ ಬಗ್ಗೆ ತೀರ್ಪು ಕೊಡಬೇಡಿ, ಕೊಡಲು ಬರುವವರನ್ನು ಗುಂಪಿಗೆ ಸೇರಿಸಬೇಡಿ. 1 ಅರಸುಗಳು 19 ಓದಿ: ಸಾವನ್ನು ಬೇಡಿಕೊಂಡ ಪ್ರವಾದಿ ಎಲೀಯನನ್ನು ದೂತನು ಬೈಯಲಿಲ್ಲ, ಮಲಗಲು ಬಿಟ್ಟು ಎರಡು ಸಲ ಎಬ್ಬಿಸಿ ಉಣ್ಣಿಸಿದ. ಹಾಗೆಯೇ, ಗುಂಪಿನಲ್ಲಿ ಯಾರಾದರೂ ತಾವೂ ಹೋಗಿಬಿಡಬೇಕು ಎಂದರೆ, ವಾರಗಟ್ಟಲೆ ನಿದ್ದೆ ಊಟ ಬಿಟ್ಟರೆ, ಕುಡಿತ ಹೆಚ್ಚಾದರೆ, ಅಧ್ಯಯನ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ತಿಂಗಳುಗಳು ಕಳೆದರೂ ದಿನದ ಬದುಕು ನಡೆಸಲಾಗದಷ್ಟು ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಪ್ರತ್ಯೇಕ ತೊಂದರೆಯೆಂದೇ ಗುರುತಿಸಿದೆ, ಅದಕ್ಕೆ ಚಿಕಿತ್ಸೆಯಿದೆ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆ ಎಂದು ಯಾರೂ ಹೇಳದಂತೆ ಸಭಾಪಾಲಕರೇ ಎದುರಿಗೆ ಹೇಳಿಬಿಡಬೇಕು, ಸಾಧ್ಯವಾದರೆ ಮೊದಲ ಸಲ ಜೊತೆಗೂ ಹೋಗಬೇಕು.

ಎಂಟನೇ ವಾರದ ಕೊನೆಗೆ ಪ್ರತಿಯೊಬ್ಬರ ಹತ್ತಿರ ಮೂರು ದಿನಾಂಕ ಕೇಳಿ ಬರೆದುಕೊಳ್ಳಿ: ತೀರಿಹೋದ ದಿನ, ಅವರ ಹುಟ್ಟಿದ ದಿನ, ಮದುವೆಯ ದಿನ ಅಥವಾ ಮನೆಯವರಿಗೆ ಭಾರವಾಗುವ ಇನ್ನಾವುದಾದರೂ ದಿನ. ಮೊದಲ ಕ್ರಿಸ್‌ಮಸ್ಸನ್ನೂ ನವೆಂಬರ್ 2ರ ಮೃತರ ಸ್ಮರಣೆಯ ದಿನವನ್ನೂ ಅದಕ್ಕೆ ಸೇರಿಸಿ. ನಡೆಸಿದ ಇಬ್ಬರೂ ಆ ಪಟ್ಟಿಯನ್ನು ಹಂಚಿಕೊಂಡು ಫೋನಿನಲ್ಲಿ ನೆನಪಿಗೆ ಹಾಕಿಕೊಳ್ಳಲಿ. ಆ ದಿನಕ್ಕಿಂತ ಎರಡು ದಿನ ಮುಂಚೆ ಫೋನ್ ಮಾಡಿ, ಮನೆಗೆ ಬರಲೇ ಎಂದು ಕೇಳಿ. ಬೇಡ ಎಂದರೆ ಒತ್ತಾಯ ಮಾಡದೆ ಮುಂದಿನ ವಾರ ಇನ್ನೊಮ್ಮೆ ಕೇಳಿ.